ಗಾಯಗನ್ನಡಿಯ ಐವತ್ತನೇ ಗಾಯ

ಗಾಯಕ್ಕೇ ಬಾಯಿ ಬಂದು, ‘ನಾನು ಇಷ್ಟು ಆಳ ಇದ್ದೇನೆ, ನನಗೆ ಹೀಗೆ ಮಾಡಿ, ಹಾಗೆ ಮಾಡಬೇಡಿ’ ಎಂದು ಹೇಳುವ ಹಾಗಿದ್ದರೆ ಏನಾಗುತ್ತಿತ್ತು? ಮೂವತ್ತನಾಲ್ಕು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ಡ್ರೆಸ್ಸರ್ ಆಗಿ ಜನರ ಗಾಯ ಬಿಚ್ಚಿ, ತೊಳೆದು, ಕಟ್ಟಿದ ನನ್ನಂಥವನ ಹೊಟ್ಟೆಪಾಡಿಗೆ ಕಲ್ಲು ಬೀಳುತ್ತಿತ್ತು, ಅಷ್ಟೇ. ಪುಣ್ಯಕ್ಕೆ ನಾನು ರಿಟೈರಾದ ಮೇಲೆ, ಅಂದರೆ ೨೦೪೧ರಲ್ಲಿ, ನಮ್ಮ ದಾವಣಗೆರೆಯ ಹುಡುಗಿಯೊಬ್ಬಳು ಗಾಯಕ್ಕೆ ಬಾಯಿ ಕೊಟ್ಟೇಬಿಟ್ಟಳು. ಆ ಬಾಯಿಂದ ಬರುತ್ತಿದ್ದ ಧ್ವನಿ ಮಾತ್ರ ನನ್ನದು. ಡ್ರೆಸ್ಸರ್ ತಿಪ್ಪೇಶಪ್ಪನ ಗಂಟಲು ಅಂದರೆ ಮೂರು ವಾರ್ಡಿಗೆ ಕೇಳಿಸುವಂಥದ್ದು ಎಂದು ಹಿಂದೆ ನರ್ಸಮ್ಮಂದಿರು ಬೈಯುತ್ತಿದ್ದರು. ಕೊನೆಗೂ ಅದು ಉಪಯೋಗಕ್ಕೆ ಬಂತು ನೋಡಿ!

ಹುಡುಗಿಯ ಹೆಸರು ಮೆಹರುನ್ನಿಸಾ. ಎಲ್ಲರಿಗೂ ಮೆಹರು. ಹುಟ್ಟಿದ್ದು ಮಂಡಕ್ಕಿ ಭಟ್ಟಿಯ ಓಣಿಯಲ್ಲಿ. ಅಲ್ಲಿ ಅಕ್ಕಿಯನ್ನು ಕಾದ ಉಸುಕಿನಲ್ಲಿ ಹುರಿದು ಮಂಡಕ್ಕಿ ಮಾಡುತ್ತಾರೆ. ಆ ಉಸುಕಿನ ಬಿಸಿ ಎಂಥದ್ದು ಎಂದರೆ ಒಂದು ಹಿಡಿ ಕೈ ಮೇಲೆ ಬಿದ್ದರೆ ಸಾಕು, ಕಥೆ ಮುಗಿಯಿತು. ಅವಳ ತಾಯಿ ಜೈತೂನ್‌ಬೀ ಹತ್ತೊಂಬತ್ತು ವರ್ಷದವಳಿದ್ದಾಗ ಎಡಗೈ ಮೇಲೆ ಬಿದ್ದಿತ್ತು. ಅಕ್ಕಪಕ್ಕದವರು ಓಡಿ ಬಂದು ಟೂತ್‌ಪೇಸ್ಟ್ ಮೆತ್ತಿ, ಐದೂ ಬೆರಳು ಸೇರಿಸಿ ಬಟ್ಟೆ ಸುತ್ತಿದರು. ಪಾಪ, ಒಳ್ಳೆಯ ಮನಸ್ಸಿಂದಲೇ ಮಾಡಿದ್ದು. ಬಟ್ಟೆ ಬಿಚ್ಚುವ ಹೊತ್ತಿಗೆ ಕೊನೆಯ ಎರಡು ಬೆರಳು ಒಂದಕ್ಕೊಂದು ಅಂಟಿಕೊಂಡು ಮಾಗಿದ್ದವು. ಆ ಕೈಯನ್ನು ನೋಡುತ್ತಲೇ ಬೆಳೆದ ಮೆಹರು ಬೆಳಕಿನ ವಿಜ್ಞಾನ ಓದಿದಳು. ಓದು ಮುಗಿಸಿ ಬಂದು ಇಲ್ಲೇ ಒಂದು ಹಳೇ ಹತ್ತಿ ಗಿರಣಿಯ ಗೋದಾಮಿನಲ್ಲಿ ಲ್ಯಾಬ್ ತೆರೆದಳು.

ಅವಳು ಮಾಡಿದ್ದು ಅಂಗೈ ಅಗಲದ ಒಂದು ದುಂಡು ಕನ್ನಡಿ. ಅದನ್ನು ಗಾಯದ ಮೇಲೆ ಹಿಡಿದರೆ ಅಂಚಿನಿಂದ ಏಳೆಂಟು ಬಗೆಯ ಬೆಳಕು ಹೊಮ್ಮುತ್ತದೆ. ಕೆಲವು ನಮ್ಮ ಕಣ್ಣಿಗೆ ಕಾಣುತ್ತವೆ, ಕೆಲವು ಕಾಣುವುದಿಲ್ಲ. ಚರ್ಮದೊಳಗೆ ಹೋಗಿ ವಾಪಸು ಬರುವ ಆ ಬೆಳಕಿನಿಂದ ಕೆಳಗೆ ರಕ್ತ ಓಡಾಡುತ್ತಿದೆಯೋ ನಿಂತಿದೆಯೋ ಕನ್ನಡಿಗೆ ಗೊತ್ತಾಗುತ್ತದೆ. ಓಡಾಡುತ್ತಿದ್ದರೆ ಮೇಲಿನ ಸುಟ್ಟಗಾಯ, ನಿಂತಿದ್ದರೆ ಆಳದ್ದು. ರಕ್ತ ಒಸರುತ್ತಿದೆಯೋ ಚಿಮ್ಮುತ್ತಿದೆಯೋ ಅದನ್ನೂ ಹೇಳುತ್ತದೆ. ನಾಲ್ಕು ಸೆಕೆಂಡು ಗಾಯ ಸರಿಯಾಗಿ ಕಂಡರೆ ಸಾಕು, ಏನು ಮಾಡಬೇಕೆಂದು ಮಾತಾಡುತ್ತದೆ. ಇದಕ್ಕೆ ಗಾಯಗನ್ನಡಿ ಎಂದು ಹೆಸರಿಟ್ಟಿದ್ದು ನಾನೇ. ಹೆಸರಿಡಲು ನನಗೇನು, ಖರ್ಚಿಲ್ಲವಲ್ಲ.

ಸರ್ಕಾರದ ಪರೀಕ್ಷಾ ಸಮಿತಿ ಒಂದು ಷರತ್ತು ಹಾಕಿತ್ತು. ಮೂವತ್ತು ದಿನದೊಳಗೆ ಭಟ್ಟಿ ಓಣಿಯಲ್ಲಿ ಐವತ್ತು ಗಾಯಗಳನ್ನು ಕನ್ನಡಿ ಸರಿಯಾಗಿ ಗುರುತಿಸಬೇಕು. ಪ್ರತಿಯೊಂದಕ್ಕೂ ಚಿತ್ರದ ಸಾಕ್ಷಿ ಇರಬೇಕು. ಅಷ್ಟಾದರೆ ಪ್ರತಿ ಭಟ್ಟಿಗೂ, ಖಾನಾವಳಿಗೂ, ವೆಲ್ಡಿಂಗ್ ಶಾಪಿಗೂ ಸರ್ಕಾರದಿಂದ ಒಂದೊಂದು ಕನ್ನಡಿ. ಒಂದು ಕಡಿಮೆಯಾದರೂ ಕಡತ ಮುಚ್ಚುತ್ತಾರೆ, ಮೆಹರುವಿನ ಏಳು ವರ್ಷದ ಕೆಲಸ ಗೋದಾಮಿನಲ್ಲೇ ಧೂಳು ತಿನ್ನುತ್ತದೆ.

ಧ್ವನಿ ತುಂಬಿಸುವ ದಿನ ಅವಳು ಪೆನ್ನು ಹಿಡಿದು ಕೂತಳು.

“ಅಂಕಲ್, ಸುಟ್ಟಗಾಯಕ್ಕೆ ಮೊದಲು ಏನು?”

“ಬಳೆ, ಉಂಗುರ ಇದ್ರೆ ಬಾತುಕೊಳ್ಳೋ ಮೊದಲು ತೆಗೀಬೇಕು. ಇಪ್ಪತ್ತು ನಿಮಿಷ ನಲ್ಲಿ ನೀರು ಬಿಡಬೇಕು. ಐಸ್ ಬ್ಯಾಡ, ಪೇಸ್ಟ್ ಬ್ಯಾಡ, ಬೆಣ್ಣೆ ಬ್ಯಾಡ. ಗುಳ್ಳೆ ಒಡೀಬಾರದು. ಬೆರಳಿನ ನಡುವೆ ಬಟ್ಟೆ ಇಟ್ಟು ಸಡಿಲವಾಗಿ ಮುಚ್ಚಬೇಕು.”

“ರಕ್ತ ಹೋಗ್ತಿದ್ರೆ?”

“ಕಟ್ಟಿರೋ ಬಟ್ಟೆ ಬಿಚ್ಚಿ ನೋಡ್ಬೇಕಮ್ಮ. ನೋಡ್ದೆ ಏನ್ ಮಾಡೋಕಾಗುತ್ತೆ?”

ಅವಳು ಬರೆದುಕೊಂಡಳು. ನಾನು ಮೈಕಿನ ಮುಂದೆ ಗತ್ತಿನಿಂದ ಓದಿದೆ: “ಬಟ್ಟೆ ತೆಗೆಯಿರಿ. ಗಾಯ ಪೂರ್ತಿ ಕಾಣುವಂತೆ ಹಿಡಿಯಿರಿ.” ಡ್ರೆಸ್ಸಿಂಗ್ ರೂಮಿನಲ್ಲಿ ಮೂವತ್ತನಾಲ್ಕು ವರ್ಷ ನಾನು ಬೆಳಿಗ್ಗೆ ಎದ್ದು ಮಾಡಿದ್ದೇ ಅದು, ಬಿಚ್ಚುವುದು. ನನ್ನ ಮೇಜಿಗೆ ಬರುವ ಹೊತ್ತಿಗೆ ಯಾರದೇ ರಕ್ತವಾದರೂ ಕ್ಯಾಷುವಾಲ್ಟಿಯಲ್ಲಿ ನಿಂತಿರುತ್ತಿತ್ತು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಪರೀಕ್ಷೆ ಶುರುವಾಯಿತು. ಮೊದಲ ದಿನವೇ ಉಸುಕು ಸಿಡಿದು ಮಣಿಕಟ್ಟು ಸುಟ್ಟುಕೊಂಡ ಹೆಂಗಸೊಬ್ಬಳು ಬಂದಳು. ನಾನು ಕುಣಿದಾಡುತ್ತಾ ಕನ್ನಡಿ ಹಿಡಿದೆ. ಗಾಯದ ಮೇಲೆ ದೋಸೆಹಿಟ್ಟು ಮೆತ್ತಿಕೊಂಡಿದ್ದಳು. ಕನ್ನಡಿ ನನ್ನದೇ ಗಂಟಲಲ್ಲಿ ಹೇಳಿತು: “ಇದು ಗಾಯವಲ್ಲ. ಇದು ಆಹಾರ ಪದಾರ್ಥ.” ಓಣಿಗೆ ಓಣಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮರುದಿನ ಬಂದವನು ಬೂದಿ ಮೆತ್ತಿದ್ದ. ಅದರ ಮರುದಿನದವನು ಕಾಫಿಪುಡಿ. ಒಬ್ಬಳು ಅರಿಸಿನ ಹಚ್ಚಿ, ಮೇಲೊಂದು ಕುಂಕುಮದ ಬೊಟ್ಟನ್ನೂ ಇಟ್ಟುಕೊಂಡು ಬಂದಿದ್ದಳು.

“ಏನ್ರವ್ವಾ ಇದು, ಗಾಯಕ್ಕೆ ಸೀಮಂತ ಮಾಡಿದ್ದೀರಾ?” ಎಂದು ರೇಗಿದೆ.

“ಅಲ್ರೀ ಡ್ರೆಸರಣ್ಣ, ಅದು ಕಣ್ಣಲ್ವಾ?” ಎಂದಳು ಕನ್ನಡಿ ತೋರಿಸಿ. “ಬರೇ ಗಾಯದ ಮೇಲೆ ಕಣ್ಣು ಬಿದ್ರೆ ದೃಷ್ಟಿಯಾಗಿ ನಂಜಾಗುತ್ತೆ. ನಮ್ಮತ್ತೆ ಹೇಳಿದ್ದಾರೆ.”

ಅತ್ತೆ ಹೇಳಿದ ಮೇಲೆ ವಿಜ್ಞಾನ ಏನು ಮಾಡೀತು? ಹನ್ನೆರಡು ದಿನಕ್ಕೆ ನಮಗೆ ಸಿಕ್ಕಿದ್ದು ನಾಲ್ಕೇ ಗಾಯ. ಮೆಹರು ಊಟ ಬಿಟ್ಟಳು. ಲ್ಯಾಬಿನ ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಹಿಟ್ಟು, ಬೂದಿ, ಪೇಸ್ಟಿನ ಚಿತ್ರಗಳನ್ನೇ ನೋಡುತ್ತಾ ಕೂರುತ್ತಿದ್ದಳು.

ಆ ಸಂಜೆ ಮನೆಗೆ ಹೋದರೆ ನನ್ನ ಹೆಂಡತಿ ಹಾಲಮ್ಮ ಸೆರಗಿನಲ್ಲಿ ಕೈ ಮುಚ್ಚಿಕೊಂಡು ಓಡಾಡುತ್ತಿದ್ದಳು. ಮೂವತ್ತು ವರ್ಷದ ಸಂಸಾರ, ನನಗೆ ಗೊತ್ತಾಗದೇ ಇರುತ್ತದೆಯೇ?

“ಏನೇ ಅದು?”

“ಏನಿಲ್ಲ ಬಿಡ್ರಿ, ಬಾಣಲೆ ತಾಗ್ತು.”

“ತೋರ್ಸು.”

“ಬ್ಯಾಡ ರೀ. ನಿಮ್ಮ ಕಣ್ಣು ಮೊದಲೇ ಸರಿಯಿಲ್ಲ.”

ಡ್ರೆಸ್ಸರನ ಹೆಂಡತಿ! ಗಾಯ ತೋರಿಸಲು ನಾಚಿಕೆ, ಮೇಲೆ ಟೂತ್‌ಪೇಸ್ಟ್! ನನಗೆ ಎಲ್ಲಿಲ್ಲದ ಸಿಟ್ಟು ಬಂದು ಅವಳನ್ನು ಎಳೆದುಕೊಂಡು ಹೋಗಿ ಸಿಂಕಿನ ನಲ್ಲಿ ಕೆಳಗೆ ಕೈ ಹಿಡಿಸಿದೆ. ನೀರು ಬಿದ್ದಂತೆ ಪೇಸ್ಟ್ ತೊಳೆದುಹೋಯಿತು. ಕೆಂಪಗೆ, ಎರಡು ಬೆರಳಗಲ. ನಾನು ಬಗ್ಗಿ ಬಗ್ಗಿ ನೋಡಿದೆ. ಈ ಸಲ ಅವಳು ಕೈ ಮುಚ್ಚಿಕೊಳ್ಳಲಿಲ್ಲ.

“ಈಗ್ಯಾಕೆ ಸುಮ್ಮನಿದ್ದೀಯ? ನೋಡ್ತಿದ್ದೀನಲ್ಲ, ದೃಷ್ಟಿ ಆಗಲ್ವಾ?”

“ನೀರಿನ ಮರೇಲಿದ್ರೆ ಯಾರ ಕಣ್ಣೂ ತಾಗಲ್ಲ. ಅಷ್ಟೂ ಗೊತ್ತಿಲ್ವಾ ನಿಮ್ಗೆ?”

ನಾನು ಆ ನಿಂತ ಕಾಲಲ್ಲೇ ಮೆಹರುಗೆ ಫೋನ್ ಮಾಡಿದೆ. ಕನ್ನಡಿಯನ್ನು ಕೈಯಲ್ಲಿ ಹಿಡಿಯುವುದು ಬೇಡ, ನಲ್ಲಿಯ ಮೇಲೆ ಕೂರಿಸು, ಹರಿಯುವ ನೀರಿನ ಮೂಲಕವೇ ಗಾಯ ನೋಡಲಿ ಎಂದೆ. “ಆಗಲ್ಲ ಅಂಕಲ್, ನೀರು ಅಲುಗಾಡುತ್ತೆ, ಬೆಳಕು ಚದುರಿಹೋಗುತ್ತೆ” ಎಂದಳು. ಹತ್ತು ನಿಮಿಷಕ್ಕೆ ಅವಳದೇ ಫೋನ್ ಬಂತು: “ಅಲುಗಾಟ ಎಷ್ಟು ಅಂತ ಲೆಕ್ಕ ಹಾಕಿ ಕಳೆದುಬಿಟ್ರೆ?” ಎರಡು ದಿನ ಅವಳು ಲ್ಯಾಬ್ ಬಿಟ್ಟು ಕದಲಲಿಲ್ಲ. ಮೂರನೇ ದಿನ ಜೈತೂನ್‌ಬೀ ಕೆಲಸ ಮಾಡುವ ಭಟ್ಟಿಯ ಮುಂದಿನ ನಲ್ಲಿಗೆ ಕನ್ನಡಿ ಏರಿತು. ಬೇಕಾದಾಗ ಕಳಚಿ ಕೈಯಲ್ಲೂ ಹಿಡಿಯಬಹುದಿತ್ತು.

ಆಮೇಲೆ ನೋಡಿ ಮಜಾ. ಸುಟ್ಟ ಕೈ ನೇರ ನೀರಿಗೇ ಬರತೊಡಗಿತು. ಹಿಟ್ಟಿಲ್ಲ, ಬೂದಿಯಿಲ್ಲ, ದೃಷ್ಟಿಯ ಭಯವೂ ಇಲ್ಲ. ಔಷಧವೂ ಅದೇ, ಪರೀಕ್ಷೆಯೂ ಅದೇ. ಒಂದೇ ತೊಡಕು, ಇಪ್ಪತ್ತು ನಿಮಿಷ ಯಾರು ನಿಲ್ಲುತ್ತಾರೆ? ಎರಡು ನಿಮಿಷಕ್ಕೆ ಉರಿ ಕಡಿಮೆಯಾಯಿತೆಂದು ಕೈ ಕೊಡವಿಕೊಂಡು ಹೊರಟುಬಿಡುತ್ತಿದ್ದರು. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಇಪ್ಪತ್ತು ನಿಮಿಷದ ಹರಟೆಯನ್ನೇ ಕನ್ನಡಿಗೆ ತುಂಬಿಸಿದೆ. ಡ್ಯೂಟಿಯ ಮೊದಲ ದಿನ ರಕ್ತ ನೋಡಿ ನಾನೇ ದೊಪ್ಪನೆ ಬಿದ್ದು ರೋಗಿಯೇ ನನ್ನನ್ನು ಎತ್ತಿದ್ದು, ಹಾಲಮ್ಮನನ್ನು ನೋಡಲು ಹೋದಾಗ ಅವರಪ್ಪನ ಕಾಲಿನ ಕುರುವಿಗೆ ಪಟ್ಟಿ ಕಟ್ಟಿ ಮಾವನನ್ನು ಒಪ್ಪಿಸಿದ್ದು, ಎಲ್ಲ ಬಂತು. ಕಥೆ ಮುಗಿಯುವುದು ಸರಿಯಾಗಿ ಇಪ್ಪತ್ತನೇ ನಿಮಿಷಕ್ಕೆ. ಜನ ಕದಲಲಿಲ್ಲ. ಏನೂ ಸುಡದವರೂ ಬಂದು ನೀರಿನ ಕೆಳಗೆ ಕೈ ಹಿಡಿದು, “ಮಾವ ಒಪ್ಪಿದ್ನಾ ಇಲ್ವಾ, ಅಷ್ಟು ಹೇಳ್ಲಿ” ಎಂದು ನಿಲ್ಲುತ್ತಿದ್ದರು. ಜೈತೂನ್‌ಬೀ ಜರಡಿ ಎತ್ತಿಕೊಂಡು ಅವರನ್ನು ಓಡಿಸುತ್ತಿದ್ದಳು.

ಗಾಯಗಳ ಸಂಖ್ಯೆ ಏರಿತು. ತರಚಿದ ಮೊಣಕಾಲು, ಈಳಿಗೆ ತಾಗಿದ ಬೆರಳು, ಉಸುಕಿನ ಸುಟ್ಟಗಾಯ. ಕನ್ನಡಿ ಒಂದರಲ್ಲೂ ತಪ್ಪಲಿಲ್ಲ. ಒಬ್ಬ ಮುದುಕನ ಬೆನ್ನಿನ ಸುಟ್ಟಗಾಯ ನೋಡಿ, “ಇದು ಆಳದ್ದು, ನೋವಿಲ್ಲದಿದ್ದರೂ ಈಗಲೇ ಆಸ್ಪತ್ರೆಗೆ ಹೋಗಿ” ಎಂದಿತು. ನೋವಿಲ್ಲದ್ದಕ್ಕೆ ಅವನು ಏನೂ ಆಗಿಲ್ಲವೆಂದು ತಿಳಿದು ಬೀಡಿ ಹಚ್ಚುತ್ತಿದ್ದ! ಇಪ್ಪತ್ತೊಂಬತ್ತನೇ ದಿನದ ಸಂಜೆಗೆ ನಲವತ್ತೊಂಬತ್ತು ಗಾಯವಾಗಿತ್ತು.

ಕೊನೆಯ ದಿನ ಸಮಿತಿಯವರು ಲ್ಯಾಬಿಗೆ ಬಂದು ಕೂತರು. ಮುಖ್ಯಸ್ಥೆ ಡಾ. ಅಹಲ್ಯಾ ಮೇಡಂ, ಮಾತು ಕಡಿಮೆ, ಹುಬ್ಬು ಮಾತ್ರ ಸದಾ ಮೇಲೆ. ಅವರು ಕನ್ನಡಿ ಕಂಡದ್ದನ್ನೆಲ್ಲ ಗೋಡೆಯ ಪರದೆಯಲ್ಲಿ ನೋಡುತ್ತಾರೆ, ಪಕ್ಕದಲ್ಲಿ ಮೆಹರು. ಅಲ್ಲಿಂದಲೇ ಕನ್ನಡಿಯನ್ನು ಆರಿಸಲೂ, ಅದರ ಮೂಲಕ ಮಾತಾಡಲೂ ಅವಳಿಗೆ ಆಗುತ್ತಿತ್ತು. ನಾನು ಭಟ್ಟಿಯ ಮುಂದೆ. ಬೆಳಿಗ್ಗೆಯಿಂದ ಕಾದೆವು. ಯಾರಿಗೂ ಏನೂ ಆಗಲಿಲ್ಲ. ದೇವರೇ, ಯಾರಿಗಾದರೂ ಒಂದು ಸಣ್ಣದು, ಉಗುರಿನಷ್ಟು ತರಚಲಪ್ಪ ಎಂದು ಬೇಡಿಕೊಂಡೆ. ಮೂರು ಗಂಟೆಯಾಯಿತು. ಗಡುವು ಐದಕ್ಕೆ.

ಬಿಸಿಲು ಕನ್ನಡಿಯ ಮೇಲೆ ಬೀಳುತ್ತಿತ್ತು. ಮೇಡಂಗೆ ಚೆನ್ನಾಗಿ ಕಾಣಲಿ ಎಂದು, ನೆರಳಿಗೆ ಒಂದು ತಗಡು ಏರಿಸಲು ಸ್ಟೂಲ್ ಹತ್ತಿದೆ. ಅರವತ್ತೊಂದನೇ ವಯಸ್ಸಿನಲ್ಲಿ ಬೇಕಿತ್ತೇ ನನಗೆ ಇದು? ತಗಡು ಕೈ ಜಾರಿತು. ಅಂಚು ಬಲ ಮುಂಗೈಯನ್ನು ಸೀಳಿಕೊಂಡು ಕೆಳಗೆ ಬಿತ್ತು, ಅದರ ಹಿಂದೆಯೇ ನಾನು.

ರಕ್ತ ಚಿಮ್ಮಿತು. ಕಡುಗೆಂಪಲ್ಲ, ಥಳಥಳಿಸುವ ಕೆಂಪು, ನಾಡಿ ಬಡಿದಂತೆಲ್ಲ ಹಾರುತ್ತಿತ್ತು. ಅದರ ಅರ್ಥ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ನೋಡಿ ನನ್ನ ಹುಚ್ಚು, ಮನಸ್ಸಿಗೆ ಮೊದಲು ಬಂದದ್ದು ‘ಐವತ್ತು!’ ಎಂದು.

“ಯಾ ಅಲ್ಲಾ!” ಎಂದು ಜೈತೂನ್‌ಬೀ ಓಡಿ ಬಂದಳು. ಮಂಡಕ್ಕಿ ರಾಶಿಗೆ ಹೊದಿಸುವ ಬಿಳಿ ಬಟ್ಟೆ ಒಗೆದು ಹಗ್ಗಕ್ಕೆ ಹಾಕಿದ್ದರು. ಅದನ್ನು ಸೆಳೆದು, ಮುದ್ದೆ ಮಾಡಿ, ಗಾಯದ ಮೇಲಿಟ್ಟು, ಎರಡೂ ಕೈಯಿಂದ ಮೈಭಾರ ಬಿಟ್ಟು ಒತ್ತಿದಳು. ಅಲ್ಲಿದ್ದ ಹೆಂಗಸೊಬ್ಬಳಿಗೆ ಆಂಬುಲೆನ್ಸಿಗೆ ಫೋನ್ ಮಾಡಲು ಕೂಗಿದಳು. ಇನ್ನೊಬ್ಬಳು ರೂಢಿಯಂತೆ ಕನ್ನಡಿ ಕಳಚಿ ತಂದು ಹಿಡಿದಳು.

ಕನ್ನಡಿ ಮಾತಾಡಿತು. ನನ್ನ ಗಂಟಲು, ನನ್ನ ಗತ್ತು. “ಬಟ್ಟೆ ತೆಗೆಯಿರಿ. ಗಾಯ ಪೂರ್ತಿ ಕಾಣುವಂತೆ ಹಿಡಿಯಿರಿ.”

“ತೆಗಿ ಜೈತೂನಕ್ಕ” ಎಂದೆ. “ನಾಲ್ಕೇ ಸೆಕೆಂಡು.”

“ಬಾಯ್ ಮುಚ್ಕೊಂಡು ಬಿದ್ಕೋ ಡ್ರೆಸರಣ್ಣ.”

“ಅಕ್ಕಾ, ಇದೇ ಕೊನೇದು. ನಿನ್ನ ಮಗಳದ್ದು ಏಳು ವರ್ಷ...”

“ಕೈ ಬಿಟ್ರೆ ಹೋಗ್ತೀಯ! ಕಾಣ್ಸಲ್ವಾ ನಿಂಗೆ?”

ನಾನು ಎಡಗೈಯಿಂದ ಬಟ್ಟೆಯ ತುದಿ ಹಿಡಿದು ಎಳೆಯತೊಡಗಿದೆ. ಸುಳ್ಳಲ್ಲ, ಎಳೆದೆ. ಅವಳು ಮೊಣಕಾಲಲ್ಲಿ ನನ್ನ ಎಡಗೈಯನ್ನು ನೆಲಕ್ಕೆ ಅದುಮಿದಳು. ಬಟ್ಟೆ ಕೆಂಪಾಗಿ ತೊಯ್ದಿತು. ಅದನ್ನು ತೆಗೆಯದೆ ಮೇಲೆಯೇ ಇನ್ನೊಂದು ಬಟ್ಟೆ ಇಟ್ಟು ಮತ್ತೂ ಒತ್ತಿದಳು. “ಬಟ್ಟೆ ತೆಗೆಯಿರಿ” ಎಂದಿತು ಕನ್ನಡಿ. “ಬಟ್ಟೆ ತೆಗೆಯಿರಿ. ಬಟ್ಟೆ ತೆಗೆಯಿರಿ.” ನನ್ನ ದನಿ ನನಗೇ ಅಷ್ಟು ಅಸಹ್ಯವಾಗಿ ಹಿಂದೆಂದೂ ಕೇಳಿಸಿರಲಿಲ್ಲ. ಮೂವತ್ತನಾಲ್ಕು ವರ್ಷ ಬಿಚ್ಚಿದ ಕೈಯ ದುರಭ್ಯಾಸವನ್ನು ನಾನು ಒಂದು ಯಂತ್ರಕ್ಕೆ ಕಲಿಸಿಟ್ಟಿದ್ದೆ. ಜೈತೂನ್‌ಬೀಯ ಮುಖದಲ್ಲೂ ಒಂದು ಕ್ಷಣ ಅನುಮಾನ ಕಂಡೆ. ಕನ್ನಡಿ ಮಗಳದ್ದು. ಮಗಳು ಓದಿದವಳು. ತನಗಿಂತ ಅದಕ್ಕೇ ಹೆಚ್ಚು ಗೊತ್ತಿದ್ದರೆ? ಒತ್ತಿದ ಕೈ ಕೂದಲೆಳೆಯಷ್ಟು ಸಡಿಲವಾಯಿತು. ಬಟ್ಟೆಯ ಅಂಚಿನಲ್ಲಿ ರಕ್ತ ಮತ್ತೆ ಹರಿಯಿತು.

ಆಗ ಕನ್ನಡಿಯ ಬೆಳಕು ಒಮ್ಮೆಲೇ ಆರಿಹೋಯಿತು. ನನ್ನ ದನಿ ಅರ್ಧಕ್ಕೆ ತುಂಡಾಯಿತು. ಅದರೊಳಗಿಂದ ಮೆಹರು ಚೀರಿದಳು, ಮನೆಯ ಮಾತಿನಲ್ಲಿ.

“ನಕ್ಕೋ ದಿಖಾವ್ ಅಮ್ಮೀ! ದಬಾ! ದಬಾ!”

ತೋರಿಸಬೇಡ ಅಮ್ಮ, ಒತ್ತು, ಒತ್ತು ಎಂದು. ಜೈತೂನ್‌ಬೀ ಹಲ್ಲು ಕಚ್ಚಿ ಒತ್ತಿದಳು. ಆಂಬುಲೆನ್ಸ್ ಬರುವವರೆಗೆ ಹನ್ನೊಂದು ನಿಮಿಷ, ಒಂದು ಸಲವೂ ಎತ್ತಿ ನೋಡಲಿಲ್ಲ. ಮೆಹರು ಅತ್ತ ಕಡೆಯಿಂದ ಗಡಿಯಾರ ನೋಡಿ ನಿಮಿಷ ಎಣಿಸಿ ಹೇಳುತ್ತಿದ್ದಳು, ಇತ್ತ ತಾಯಿ ಹೂಂ ಹೂಂ ಎನ್ನುತ್ತಿದ್ದಳು. ಗಾಡಿಯವರು ಬಂದ ಮೇಲೂ ಅವರ ಕೈ ಬಟ್ಟೆಯ ಮೇಲೆ ಕೂತ ನಂತರವೇ ಅವಳು ತನ್ನ ಕೈ ತೆಗೆದದ್ದು.

ಕ್ಯಾಷುವಾಲ್ಟಿಯಲ್ಲಿ ಹದಿನಾಲ್ಕು ಹೊಲಿಗೆ ಬಿತ್ತು. ಹಾಲಮ್ಮ ಒಂದು ಕಣ್ಣಲ್ಲಿ ಅಳುತ್ತಾ, ಇನ್ನೊಂದು ಕಣ್ಣಲ್ಲಿ ನನ್ನನ್ನು ಸುಡುವಂತೆ ನೋಡುತ್ತಾ ಕೂತಿದ್ದಳು. ಜೈತೂನ್‌ಬೀ ಕೈಗೆ ಹತ್ತಿದ ರಕ್ತ ತೊಳೆದು ಬಂದು ಬಾಗಿಲ ಬಳಿ ನಿಂತಿದ್ದಳು. ಗಡಿಯಾರ ಐದೂಕಾಲು ತೋರಿಸುತ್ತಿತ್ತು. ಆಗ ಮೆಹರು ಬಂದಳು, ಹಿಂದೆ ಅಹಲ್ಯಾ ಮೇಡಂ, ಕೈಯಲ್ಲಿ ಪರೀಕ್ಷೆಯ ಫಾರಂ.

“ಅಂಕಲ್, ಕ್ಷಮಿಸಿ” ಎಂದಳು ಮೆಹರು. ಆಮೇಲೆ ಮೇಡಂ ಕಡೆ ತಿರುಗಿದಳು. “ನಲವತ್ತೊಂಬತ್ತೇ ಆಗಿದ್ದು ಮೇಡಂ. ಗಡುವು ಮುಗೀತು. ಕನ್ನಡಿಯ ಕಣ್ಣನ್ನ ನಾನೇ ಆರಿಸಿದೆ, ಗಾಯದ ಚಿತ್ರ ಇಲ್ಲ. ಕಡತ ಮುಚ್ಚೋದಾದ್ರೆ ಮುಚ್ಚಿ. ಆದ್ರೆ ನನ್ನ ಕನ್ನಡಿ ಬಟ್ಟೆ ತೆಗೀರಿ ಅಂದಿದ್ದು ವರದಿಯಲ್ಲಿ ಇರ್ಲೇಬೇಕು. ಯಾರಾದ್ರೂ ಮುಂದೆ ಇಂಥದ್ದು ಮಾಡಿದ್ರೆ ಆ ತಪ್ಪು ಮಾಡಬಾರದು.”

“ಅದು ಅವಳ ತಪ್ಪಲ್ಲ!” ನಾನು ಏಳಲು ಹೋದೆ, ಹಾಲಮ್ಮ ಭುಜ ಹಿಡಿದು ಒರಗಿಸಿದಳು. “ಹೇಳ್ಕೊಟ್ಟಿದ್ದು ನಾನು ಮೇಡಂ. ಬರ್ಕೊಳ್ಳಿ, ಡ್ರೆಸ್ಸರ್ ತಿಪ್ಪೇಶಪ್ಪ ಅಂತ. ಬೇಕಾದ್ರೆ ದಪ್ಪಕ್ಷರದಲ್ಲಿ ಬರ್ಕೊಳ್ಳಿ.”

“ಪರೀಕ್ಷೆ ಮಾಡ್ದೆ ಹಾಕಿದ್ದು ನಾನು.”

“ಕಲಿಸಿದ್ದು ನಾನಮ್ಮ!”

“ಇಬ್ರೂ ಸುಮ್ಮನಿರಿ” ಎಂದರು ಮೇಡಂ. ಸ್ಟೂಲ್ ಎಳೆದುಕೊಂಡು ಕೂತು, ಫಾರಂ ತೊಡೆಯ ಮೇಲಿಟ್ಟುಕೊಂಡು, ಐವತ್ತನೇ ಸಾಲಿಗೆ ಬಂದರು. ಗಟ್ಟಿಯಾಗಿ ಓದುತ್ತಲೇ ಬರೆದರು. “ಗಾಯ ಆದ ವೇಳೆ, ಮೂರು ಗಂಟೆ ಹತ್ತು ನಿಮಿಷ. ಗಡುವಿನೊಳಗೇ ಇದೆ. ಗುರುತಿಸಿದ್ದು... ಚಿಮ್ಮೋ ರಕ್ತ. ಪರದೆಯಲ್ಲಿ ಮೆಹರುನ್ನಿಸಾ ಗುರುತಿಸಿದ್ದನ್ನ ನಾನೇ ನೋಡಿದ್ದೀನಿ. ಸಲಹೆ, ಕನ್ನಡಿ ಹೇಳಿದ್ದು ತಪ್ಪು, ಅದೇ ಕನ್ನಡಿಯಲ್ಲಿ ತಿದ್ದಿ ಹೇಳಿದ್ದು ಸರಿ. ಚಿತ್ರ...” ಪೆನ್ನು ನಿಂತಿತು. “ಚಿತ್ರ ಇಲ್ಲ.”

ಮೇಡಂ ಕೊನೆಯ ಕಾಲಮಿನ ಮೇಲೆ ಬೆರಳಿಟ್ಟರು.

“ರೋಗಿ” ಎಂದು ಓದಿದರು. ಹುಬ್ಬು ಏರಿಸಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ನಾನು ಏನು ಮಾಡಬೇಕೋ ತಿಳಿಯದೆ ಕಾಲು ಮಡಚಿಕೊಂಡೆ. ಅವರು ದೊಡ್ಡ ಅಕ್ಷರದಲ್ಲಿ ಬರೆದರು.

“ಇದ್ದಾರೆ.”

ಸಹಿ ಹಾಕಿ ಫಾರಂ ಮಡಚಿದರು. “ಐವತ್ತು ಆಯ್ತು. ಸಮಿತಿಯ ಉಳಿದಿಬ್ಬರ ಜೊತೆ ಜಗಳ ಆಡೋದು ನನ್ನ ಪಾಡು. ಆದ್ರೆ ಒಂದು ಷರತ್ತು. ರಕ್ತ ಹರೀತಿದ್ರೆ ಆ ಕನ್ನಡಿ ತಾನಾಗಿಯೇ ಕಣ್ಣು ಮುಚ್ಚಿಕೊಂಡು, ಒತ್ತಿ ಅನ್ನೋದೊಂದನ್ನೇ ಹೇಳ್ಬೇಕು. ಅದನ್ನ ಕಲೀದೆ ಒಂದೇ ಒಂದು ಕನ್ನಡಿ ಹೊರಗೆ ಹೋಗೋ ಹಾಗಿಲ್ಲ.”

ಮೆಹರು ಅಲ್ಲೇ ನನ್ನ ಮಂಚದ ಅಂಚಿಗೆ ಕುಸಿದು ಮುಖ ಮುಚ್ಚಿಕೊಂಡು ಅತ್ತಳು. ಹಾಲಮ್ಮನೂ ಶುರು ಮಾಡಿದಳು. ನನಗೂ ತಡೆಯಲಾಗಲಿಲ್ಲ, ಹೊಲಿಗೆ ನೋಯುತ್ತಿದೆ ಎಂದು ಸುಳ್ಳು ಹೇಳಿದೆ. ಜೈತೂನ್‌ಬೀ ಬಾಗಿಲಿಂದ ಬಂದು ಮಗಳ ಹೆಗಲು ಅಲುಗಿಸಿದಳು.

“ಅಳೋದು ಆಮೇಲೆ. ಎದ್ದೇಳು ಬೇಟಾ, ಮೊದಲು ಅದಕ್ಕೆ ಕಣ್ಣು ಮುಚ್ಚೋದು ಕಲಿಸು. ನಾಳೆ ಬೆಳಿಗ್ಗೆ ಆರಕ್ಕೆ ಭಟ್ಟಿ ಹಚ್ತಾರೆ.”